ಸಪ್ಪನ ಪಥ್ಯ

ಫೆಬ್ರುವರಿ 12, ಸೋಮವಾರ

ಗಾಡಿ ತುಂಬ ಕ್ಯಾನ್. ಘಟಪ್ರಭಾದ ಪ್ಲಾಂಟಿನಲ್ಲಿ ನೀರು ತುಂಬಿಸುವುದು, ಗೋಕಾಕದಲ್ಲಿ ಇಳಿಸುವುದು, ಖಾಲಿ ಕ್ಯಾನ್ ಹೇರಿಕೊಂಡು ವಾಪಸ್. ಕೋಚಿಂಗ್ ಕ್ಲಾಸಿನದು ಎರಡನೇ ಮಾಳಿಗೆ. ದೀಪಾವಳಿಯ ಹೊತ್ತಿಗೆ ಎರಡು ಭುಜಕ್ಕೂ ಒಂದೊಂದು ಕ್ಯಾನ್ ಇಟ್ಟುಕೊಂಡು ಹತ್ತುತ್ತಿದ್ದೆ. ಇವತ್ತು ಒಂದನ್ನೇ ಹೊತ್ತು, ಮೊದಲ ತಿರುವಿನಲ್ಲಿ ಅದರ ಮೇಲೆಯೇ ಕುಳಿತುಬಿಟ್ಟೆ. ಕ್ಲಾಸಿನ ಹುಡುಗಿಯೊಬ್ಬಳು ನೀರು ಬೇಕೇ ಎಂದು ಕೇಳಿದಳು. ನೀರಿನ ಕ್ಯಾನಿನ ಮೇಲೆ ಕುಳಿತವನಿಗೆ!

ಕೆಳಗಿನಿಂದ ಅಜಿತಣ್ಣನ ಹಾರ್ನ್. ಪ್ಲಾಂಟು ಅವನದು, ಗಾಡಿ ಓಡಿಸುವವನೂ ಅವನೇ. ಹೊರುವವನು ನಾನು.

"ಏನಲೇ ಯಲ್ಲ್ಯಾ, ಮ್ಯಾಲ ಯಾರನ್ನರ ನೋಡಕೋತ ನಿಂತಿದ್ದೇನು?"

"ಕುಂತಿದ್ದೆ ಅಣ್ಣಾ. ಕಾಲಾಗ ಜೀವಾನ ಇಲ್ಲಂಗ ಆತು."

"ನಿಂದು ಹಳೇ ರೋಗ. ಮೊಬೈಲ್ ಅಂಗಡ್ಯಾಗ ಬ್ಯಾಸರಾತು, ಜೆಸಿಬಿ ಮ್ಯಾಲ ಬ್ಯಾಸರಾತು. ಈಗ ನನ್ನ ಪಾಳಿ."

ಅವನು ಹೇಳಿದ್ದು ಸುಳ್ಳಲ್ಲ. ಶಾಲೆಯನ್ನೂ ಹಾಗೆಯೇ ಬಿಟ್ಟವನು ನಾನು. ಹತ್ತನೇ ತರಗತಿಯಲ್ಲಿ ಹೆಡ್‌ಮಾಸ್ತರು ಕಾರಣ ಕೇಳಿದಾಗ "ಕೂಡಾಕ ಆಗವಲ್ದರಿ ಸರ್" ಎಂದಿದ್ದೆ. ಖರೆ ಕಾರಣ ಅದೇ. ಆಗ ಕೂರಲು ಆಗುತ್ತಿರಲಿಲ್ಲ. ಈಗ ನಿಲ್ಲಲು ಆಗುತ್ತಿಲ್ಲ. ಎರಡೂ ಬೇರೆ ಬೇರೆ. ಯಾರಿಗೆ ಹೇಳುವುದು.

ಫೆಬ್ರುವರಿ 15

ಬೆಳಿಗ್ಗೆ ಎದ್ದು ನಿಂತರೆ ಕಣ್ಣು ಕಪ್ಪು. ಗೋಡೆ ಹಿಡಿದು ಸ್ವಲ್ಪ ಹೊತ್ತು ನಿಂತರೆ ಸರಿಯಾಗುತ್ತದೆ. ಅವ್ವ ನೋಡದಂತೆ ನಿಲ್ಲುತ್ತೇನೆ.

ಇನ್ನೊಂದು ವಿಚಿತ್ರ. ಉಪ್ಪು ಬೇಕು. ಊಟ ಬೇಡ, ಉಪ್ಪು ಬೇಕು. ಸ್ಟೇಷನ್ ಎದುರಿನ ಗಾಡಿಯವನ ಹತ್ತಿರ ಮಾವಿನಕಾಯಿ ತಗೊಂಡು, ಕಾಯಿ ಬಿಸಾಕಿ, ಮೇಲಿನ ಉಪ್ಪು-ಖಾರ ನೆಕ್ಕಿದೆ. ಮನೆಯಲ್ಲಿ ಉಪ್ಪಿನಕಾಯಿ ಭರಣಿಯ ತಳದ ರಸವನ್ನು ಬಟ್ಟಲಿಗೆ ಬಗ್ಗಿಸಿ ಕುಡಿದೆ. ತಂಗಿ ಸರಿತಾ ನೋಡಿಬಿಟ್ಟಳು.

"ಅವ್ವಾ, ನಿನ್ನ ಮಗಗ ಬಯಕಿ ಹತ್ತೈತಿ ನೋಡ. ಎಷ್ಟನೇ ತಿಂಗಳಾಗ ಅದಿಯೋ ಅಣ್ಣಾ?"

"ಮೂರರಾಗ," ಎಂದೆ. ಅವ್ವನೂ ನಕ್ಕಳು. ಅಪ್ಪ ಹೋದ ಮೇಲೆ ಈ ಮನೆಯಲ್ಲಿ ಮೂವರೂ ಒಟ್ಟಿಗೆ ನಗುವುದು ಕಡಿಮೆ. ಹಾಗಾಗಿ ಇನ್ನೊಂದು ಗುಟುಕು ಕುಡಿದೆ.

ಫೆಬ್ರುವರಿ 27

ಪ್ಯಾಂಟಿಗೆ ಹೊಸ ತೂತು ಹಾಕಿಸಿದ ಬೆಲ್ಟ್. ಮೈ ಇಳಿಯುತ್ತಿದೆ.

ಕನ್ನಡಿಯಲ್ಲಿ ಹಲ್ಲು ತೋರಿಸಿ ನೋಡಿಕೊಂಡೆ — ವಸಡು ಅಲ್ಲಲ್ಲಿ ಕಪ್ಪು. ಶಾಯಿ ಚೆಲ್ಲಿದ ಹಾಗೆ. ಅಂಗೈಯ ಗೆರೆಗಳೂ ಕಪ್ಪು, ಬೆರಳಿನ ಗೆಣ್ಣೂ ಕಪ್ಪು. ಕಾಲಿಗೆ ಸೈಲೆನ್ಸರ್ ತಾಗಿ ಆದ ಹಳೆಯ ಕಲೆ ಇದ್ದಿಲಿನಂತಾಗಿದೆ. ಮತ್ತೆ ತುಟಿಯ ಮೂಲೆಯಲ್ಲಿ, ಎರಡು ಬೆರಳ ತುದಿಯಲ್ಲಿ ಚರ್ಮ ಬೆಳ್ಳಗೆ. ಒಂದೇ ಮೈ. ಒಂದು ಕಡೆ ಕಪ್ಪೇರುತ್ತಿದೆ, ಇನ್ನೊಂದು ಕಡೆ ಬಣ್ಣ ಬಿಡುತ್ತಿದೆ.

ಅಜಿತಣ್ಣ "ಬಿಸಲಾಗ ಸುಟ್ಟಿ" ಎಂದ. ಬಿಸಿಲಿಗೆ ವಸಡು ಹೇಗೆ ಸುಡುತ್ತದೆ ಎಂದು ಕೇಳಿದೆ. "ಬಾಯಿ ತಕ್ಕೊಂಡ ಅಡ್ಯಾಡತಿದ್ದಿ ನೀ," ಎಂದ.

ಮಾರ್ಚ್ 4

ಮೂಡಲಗಿಯಲ್ಲಿ ಮದುವೆ. ಕಲ್ಯಾಣ ಮಂಟಪಕ್ಕೆ ಎರಡು ಟ್ರಿಪ್. ಅಡುಗೆಮನೆಯ ಬಾಗಿಲಲ್ಲಿ ಕ್ಯಾನ್ ಇಳಿಸುತ್ತಿದ್ದೆ. ಬೀಗರ ಕಡೆಯ ಹೆಂಗಸೊಬ್ಬರು ನನ್ನ ಬೆರಳು ನೋಡಿದರು. ಆಮೇಲೆ ತುಟಿ.

"ಇವನ ಕೈಲೆ ಯಾಕ ನೀರ ಹೊರಸ್ತೀರಿ? ತೊನ್ನ ಐತಿ ಇವಗ. ಬ್ಯಾರೆ ಯಾರನ್ನರ ಕಳಸ್ರಿ."

ಕ್ಯಾನಿಗೆ ಸೀಲ್ ಇತ್ತು. ಹೇಳಬಹುದಿತ್ತು. ಹೇಳಲು ಉಸಿರು ಇರಲಿಲ್ಲ. ಕುಳಿತೆ.

ವಾಪಸ್ ಬರುವಾಗ ಅಜಿತಣ್ಣ ರಸ್ತೆ ನೋಡುತ್ತಲೇ — "ಸ್ವಲ್ಪ ದಿನಾ ಮನ್ಯಾಗ ಇರಪಾ. ಧಂದೆ ನೀರಿಂದ ಐತಿ. ತಿಳ್ಕೋ."

ತಿಳಿದುಕೊಂಡೆ. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮಲಗಲು ಸಿಗುತ್ತದಲ್ಲ ಎಂದು ಮೊದಲು ಅನ್ನಿಸಿತು. ಇದನ್ನು ಬರೆಯಲು ನಾಚಿಕೆ. ಆದರೆ ಅನ್ನಿಸಿದ್ದು ಅದೇ.

ಮಾರ್ಚ್ 7

ಗೋಕಾಕದಲ್ಲಿ ಒಂದು ಕ್ಲಿನಿಕ್. ಡಾಕ್ಟರ್ ಬಿ.ಪಿ. ನೋಡಿದರು. ಕಡಿಮೆ ಇದೆ, ವಯಸ್ಸಿನ ಹುಡುಗರಿಗೆ ಅದು ಒಳ್ಳೆಯದೇ ಎಂದರು. ಶಕ್ತಿ ಗುಳಿಗೆ, ಚರ್ಮಕ್ಕೆ ಒಂದು ಟ್ಯೂಬು. "ರಾತ್ರಿ ಮೊಬೈಲ್ ಭಾಳ ನೋಡ್ತೀ ಏನ್?" ನೋಡುತ್ತೇನೆ ಎಂದೆ. ಅಲ್ಲಿಗೆ ಮುಗಿಯಿತು.

ಮಾರ್ಚ್ 20

ಹುಕ್ಕೇರಿ ಕಡೆಯ ಹಳ್ಳಿ. ಅವ್ವ ಕರೆದುಕೊಂಡು ಹೋದಳು. ಅಪ್ಪಣ್ಣಜ್ಜ ಎಂಬವರು ತೊನ್ನಿಗೆ ಬೇರಿನ ಪುಡಿ ಕೊಡುತ್ತಾರೆ. ಕೆಟ್ಟ ಮನುಷ್ಯ ಅಲ್ಲ. ದುಡ್ಡು ಮುಟ್ಟುವುದಿಲ್ಲ. ನನ್ನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ನೋಡಿದರು. ಮೂಡಲಗಿಯ ಮದುವೆಯ ನಂತರ ಹೊರಗಿನವರು ಯಾರೂ ಹಾಗೆ ಹಿಡಿದಿರಲಿಲ್ಲ.

"ರಕ್ತ ಕೆಟ್ಟೈತಿ ಶಂಕ್ರವ್ವಾ. ಇಪ್ಪತ್ತೊಂದ ದಿನಾ ಸಪ್ಪನ ಪಥ್ಯ. ಉಪ್ಪ ಬ್ಯಾಡ, ಹುಳಿ ಬ್ಯಾಡ, ಎಣ್ಣಿ ಬ್ಯಾಡ. ಒಂದ ಹರಳ ಉಪ್ಪ ಬಾಯಿಗೆ ಬಿತ್ತಂದ್ರ ಮತ್ತ ಮೊದಲಿಂದ ಎಣಸಬೇಕ."

"ಅಜ್ಜಾರ, ನನಗ ಉಪ್ಪ ಭಾಳ ಬೇಕ ಅನಸ್ತೈತ್ರಿ," ಎಂದೆ.

"ರೋಗ ಬೇಡತೈತಪಾ ಅದನ್ನ, ನೀ ಅಲ್ಲ."

ಅವ್ವ ಅವರ ಕಾಲಿಗೆ ಬಿದ್ದಳು. ನನಗೂ ಬೀಳು ಎಂದಳು. ಬಗ್ಗಿದೆ. ಏಳಲು ಅವರೇ ಹಿಡಿಯಬೇಕಾಯಿತು.

ಮಾರ್ಚ್ 25

ರೊಟ್ಟಿ, ಹಾಲು. ಸಪ್ಪನ ಬೇಳೆ. ರೊಟ್ಟಿ, ಹಾಲು.

ಅವ್ವ ನನಗೆಂದೇ ಬೇರೆ ಪುಟ್ಟ ಪಾತ್ರೆ ತೆಗೆದಿಟ್ಟಿದ್ದಾಳೆ. ಉಪ್ಪಿನ ಡಬ್ಬಿಯನ್ನು ಅಡುಗೆಮನೆಯಿಂದಲೇ ಎತ್ತಿ ದೇವರ ಮಾಡದಲ್ಲಿ ಫೋಟೋದ ಹಿಂದೆ ಇಟ್ಟಿದ್ದಾಳೆ. ಹೊಲದ ಕೂಲಿಯಿಂದ ಬಂದು, ಕಾಲು ತೊಳೆದು, ಮೊದಲು ಕೇಳುವುದು ಒಂದೇ — "ಪಥ್ಯ ಮುರದಿಲ್ಲಲ್ಲಪಾ?"

ಇಲ್ಲ.

ಏಪ್ರಿಲ್ 1

ಮುರಿದೆ.

ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಮಾಡದೊಳಗೆ ಕೈ ಹಾಕಿ ಒಂದು ಚಿಟಿಕೆ ಎಂದು ಶುರು ಮಾಡಿದೆ. ಹಿಡಿಯಾಯಿತು. ನೀರಿಗೆ ಕಲಸಿ ಕುಡಿದೆ. ನಾಚಿಕೆ ಬಿಟ್ಟು ಬರೆಯುತ್ತೇನೆ — ಅಳು ಬಂತು, ಅಷ್ಟು ಚೆನ್ನಾಗಿತ್ತು. ಸ್ವಲ್ಪ ಹೊತ್ತಿಗೆ ಎದ್ದು ಅಂಗಳಕ್ಕೆ ನಡೆದೆ. ಗೋಡೆ ಹಿಡಿಯದೆ.

ಸಂಜೆ ಅವ್ವ ಕೇಳಿದಳು. "ಮುರದೆ," ಎಂದೆ.

ಅವಳು ಬೈಯಲಿಲ್ಲ. ತಲೆಯ ಮೇಲಿನ ಮೇವಿನ ಹೊರೆ ಇಳಿಸದೆ ನಿಂತಳು. ಆಮೇಲೆ ಇಳಿಸಿದಳು. "ಆತು. ನಾಳಿಂದ ಒಂದು," ಎಂದಳು.

ಸರಿತಾ ಹಿತ್ತಲಿಗೆ ಎಳೆದುಕೊಂಡು ಹೋದಳು. "ಹೇಳದಿದ್ರ ಏನ್ ಗಂಟ ಹೋಗತಿತ್ತೋ ನಿಂದು? ಹನ್ನೆಲ್ಡ ದಿನಾ ಮುಗದಿತ್ತು!"

"ಕೇಳಿದ್ಲು."

"ಕೇಳಿದ್ರ? ಮಂದಿ ಎಲ್ಲಾ ಕೇಳಿದ್ದಕ್ಕ ಖರೆ ಹೇಳ್ತಾರೇನು? ಹುಚ್ಚ ಅದಿ."

ನನಗೆ ಮೈಗಳ್ಳ ಎನ್ನುತ್ತಾರೆ, ಉಂಡಾಡಿ ಎನ್ನುತ್ತಾರೆ. ನಿಲ್ಲಲು ಆಗುತ್ತಿಲ್ಲ ಎಂದರೆ ಯಾರೂ ನಂಬುವುದಿಲ್ಲ. ತಪ್ಪು ಮಾಡಿದೆ ಎಂದರೆ ಮಾತ್ರ ತಕ್ಷಣ ನಂಬುತ್ತಾರೆ.

ಏಪ್ರಿಲ್ 9, ಯುಗಾದಿ

ಎಲ್ಲರಿಗೂ ಹೋಳಿಗೆ. ನನಗೆ ಪುಟ್ಟ ಪಾತ್ರೆ. ಅವ್ವ ಈಗ ಉಪ್ಪಿನ ಡಬ್ಬಿಯನ್ನು ಪಕ್ಕದ ಮನೆಯ ರಾಯವ್ವಕ್ಕನ ಹತ್ತಿರ ಇಟ್ಟಿದ್ದಾಳೆ. ಅಡುಗೆಗೆ ಬೇಕಾದಾಗ ಹೋಗಿ ತರುತ್ತಾಳೆ.

ಬಿಸಿಲು. ಹೊಟ್ಟೆಯಲ್ಲಿ ನೀರೂ ನಿಲ್ಲುತ್ತಿಲ್ಲ.

ಏಪ್ರಿಲ್ 12

ಮೂರು ಸಲ ವಾಂತಿ. ಸೊಂಟ ನೋವು. ಕೂತು ಬರೆಯಲಾಗದೆ ಮಲಗಿ ಬರೆ

ಏಪ್ರಿಲ್ 17, ಘಟಪ್ರಭಾ, ಆಸ್ಪತ್ರೆ

ಸರಿತಾ ಹೇಳಿದ್ದು. ನನಗೆ ಏನೂ ನೆನಪಿಲ್ಲ.

ಹದಿಮೂರನೇ ತಾರೀಖು ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲವಂತೆ. ಕಣ್ಣು ತೆರೆದಿತ್ತು, ಮಾತು ಇರಲಿಲ್ಲ. ನಮ್ಮ ಧುಪದಾಳದಲ್ಲಿ ಆ ಹೊತ್ತಿಗೆ ಯಾವ ಗಾಡಿಯೂ ಸಿಗದೆ ಸರಿತಾ ಅಜಿತಣ್ಣನಿಗೆ ಫೋನ್ ಮಾಡಿದಳು. ಅವನು ಕ್ಯಾನ್ ತುಂಬಿದ ಗಾಡಿಯಲ್ಲೇ ಬಂದ. ಇಳಿಸಲು ಹೊತ್ತಿರಲಿಲ್ಲ. ಕ್ಯಾನ್‌ಗಳ ನಡುವೆ ನನ್ನನ್ನು ಮಲಗಿಸಿ, ಉರುಳಬಾರದು ಎಂದು ಅವ್ವ ಎದೆಗೆ ಅಡ್ಡ ಕುಳಿತಳು. ದಾರಿಯುದ್ದಕ್ಕೂ ಅಜಿತಣ್ಣ ಬೈಯುತ್ತಿದ್ದನಂತೆ. "ಲೇ ಮಗನಾ, ನಾಟಕ ಮಾಡಾಕತ್ತಿದ್ರ ಈಗ ಏಳ. ಏಳ, ಏನೂ ಅನ್ನಂಗಿಲ್ಲ."

ಬಿ.ಪಿ. ಮಿಷನ್ನಿಗೆ ಸಿಗಲಿಲ್ಲವಂತೆ. ರಕ್ತದಲ್ಲಿ ಉಪ್ಪಿಲ್ಲ, ಸಕ್ಕರೆಯಿಲ್ಲ. ಸುಮನ್ ಡಾಕ್ಟರ್ ಎಂಬವರು ಬಾಯಿ ತೆರೆಸಿ ವಸಡು ನೋಡಿದರು, ಅಂಗೈ ನೋಡಿದರು. ಪರೀಕ್ಷೆಗೆ ರಕ್ತ ತೆಗೆದು, ರಿಪೋರ್ಟ್ ಬರುವ ಮೊದಲೇ ಒಂದು ಇಂಜೆಕ್ಷನ್ ಹಾಕಿಸಿದರು. ಸಲೈನ್ ಬಾಟಲಿ ಮೇಲೆ ಬಾಟಲಿ.

ಮರುದಿನ ಕಣ್ಣು ಬಿಟ್ಟೆ. ಹಸಿವಾಗಿತ್ತು. ಹಸಿವು ಎಂದರೆ ಹೇಗಿರುತ್ತದೆ ಎಂಬುದನ್ನೇ ಮರೆತಿದ್ದೆ.

ಏಪ್ರಿಲ್ 19, ಆಸ್ಪತ್ರೆ

ಇವತ್ತು ಡಾಕ್ಟರ್ ಹಾಸಿಗೆಯ ಪಕ್ಕ ಸ್ಟೂಲ್ ಎಳೆದುಕೊಂಡು ಕುಳಿತರು. ಅವ್ವ ಕೆಳಗೆ ಚಹಾ ತರಲು ಹೋಗಿದ್ದಳು.

"ಕಿಡ್ನಿ ಗೊತ್ತೈತಲ್ಲ? ಅದರ ತಲಿ ಮ್ಯಾಲ ಟೊಪಗಿ ಇಟ್ಟಂಗ ಒಂದೊಂದ ಸಣ್ಣ ಗ್ರಂಥಿ ಇರ್ತಾವ. ಆಡ್ರಿನಲ್ ಅಂತಾರ. ಮೈಯಾಗ ಉಪ್ಪ ಹಿಡದ ಇಡೋದು, ಬಿ.ಪಿ. ನಿಂದರಸೋದು, ಜ್ವರ ಬಂದ್ರ ಪೆಟ್ಟ ಬಿದ್ರ ತಡಕೊಳ್ಳೋದು, ಎಲ್ಲಾ ಅದರಿಂದ. ನಿನ್ನವು ಎರಡೂ ಸುಕ್ಕಾಗ್ಯಾವ."

"ಯಾಕ್ರಿ?"

"ನಮ್ಮ ಕಡೆ ಟಿ.ಬಿ.ಯಿಂದ ಆಗೋದೂ ಭಾಳ. ಮೊದಲ ಅದನ್ನ ಹುಡುಕಿದ್ವಿ. ಸ್ಕ್ಯಾನ್‌ನಾಗ ಅದರ ಗುರ್ತ ಇಲ್ಲ. ನಿಂದು ಆಟೋಇಮ್ಯೂನ್. ಮನಿ ಕಾಯಾಕ ನಾಯಿ ಸಾಕಿರ್ತೀರಿ. ಅದು ಕಳ್ಳನ್ನ ಬಿಟ್ಟು ನಿಮ್ಮ ಆಕಳನ್ನ ಕಚ್ಚಿತು ಅನ್ನು. ಮೈ ಕಾಯೋ ಶಕ್ತಿ ತನ್ನ ಮೈಯನ್ನ ತಾನ ಗುರ್ತ ಹಿಡೀಲಿಲ್ಲ."

"ಆ ನಾಯಿ ಕಟ್ಟಿ ಹಾಕ್ರಿ ಮತ್ತ."

ನಕ್ಕರು. "ಕಟ್ಟಿದ್ರ ಕಳ್ಳರು ಬರ್ತಾರ. ಮತ್ತ ಆಕಳ ಬತ್ತಿ ಹೋಗೇತಿ, ಈಗ ಕಟ್ಟಿ ಏನ್ ಮಾಡೋದು? ಹಾಲ ಹೊರಗಿಂದ ತರೋಣ. ಗುಳಿಗಿ. ದಿನಾ, ಜೀವ ಇರೋ ತನಕ. ಒಂದ ದಿನಾನೂ ತಪ್ಪಿಸಬಾರದು. ಜ್ವರ ಬಂದ್ರ ಡಬಲ್. ವಾಂತಿ ಆಗಿ ಗುಳಿಗಿ ನಿಲ್ಲಲಿಲ್ಲಂದ್ರ ಸೀದಾ ಇಲ್ಲಿ, ಇಂಜೆಕ್ಷನ್ನಿಗೆ."

ಬಿಳಿ ಕಲೆ? ಅದೂ ಅದೇ ನಾಯಿಯದಂತೆ. ಥೈರಾಯ್ಡಿಗೂ ಸ್ವಲ್ಪ ಬಾಯಿ ಹಾಕಿದೆ, ಆಮೇಲೆ ನೋಡೋಣ ಎಂದರು. ಕಪ್ಪು ಮಾತ್ರ ಬೇರೆ ಲೆಕ್ಕ. ಗ್ರಂಥಿ ಏಳುತ್ತಿಲ್ಲ ಎಂದು ತಲೆಯೊಳಗಿನಿಂದ ಒಂದೇ ಸಮನೆ ಕೂಗು ಹೋಗುತ್ತಿರುತ್ತದಂತೆ. ಆ ಕೂಗಿಗೆ ಚರ್ಮ ಕಪ್ಪಾಗುತ್ತದೆ.

ಅಂದರೆ ನಾನು ಮೈಗಳ್ಳನಲ್ಲ. ಜೋರಾಗಿ ಹೇಳಿದೆನೋ ಏನೋ. "ಯಾರಂದ್ರು ಹಂಗ?" ಎಂದು ಕೇಳಿದರು. ಎಲ್ಲರೂ ಎಂದೆ.

ಆಮೇಲೆ ಅವರು ಕೇಳಿದರು. "ಇತ್ಲಾಗ ಊಟದಾಗ ಏನರ ಬದಲ ಮಾಡಿದ್ದ್ರೇನು? ಉಪ್ಪ ಕಡಿಮಿ?"

ಹೇಳಿದೆ. ಅಪ್ಪಣ್ಣಜ್ಜ, ಇಪ್ಪತ್ತೊಂದು ದಿನ, ಮುರಿದದ್ದು, ಮತ್ತೆ ಒಂದರಿಂದ ಎಣಿಸಿದ್ದು.

ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. "ಅದೊಂದ ಆಸರ ಇತ್ತು ನಿನಗ. ಗೊತ್ತಿಲ್ಲದ ನೀನ ಹಿಡಕೊಂಡಿದ್ದಿ. ಅದನ್ನೂ ಬಿಡಸ್ಯಾರ... ಎಲ್ಲಿ ತನ ಹೋಗಿದ್ದಿ ಅಂತ ಗೊತ್ತೈತೇನು ನಿನಗ?"

ಉತ್ತರ ಅವರ ಮುಖದಲ್ಲಿತ್ತು.

"ನಿಮ್ಮ ತಾಯಿಗೆ ನಾ ಹೇಳ್ಲಿ?"

"ಬ್ಯಾಡ್ರಿ. ನಾ ಹೇಳ್ತೀನ್ರಿ."

ಅಷ್ಟರಲ್ಲಿ ಅವ್ವ ಬಂದಳು. ಡಾಕ್ಟರಿಗೂ ಒಂದು ಚಹಾ ತಂದಿದ್ದಳು.

ಏಪ್ರಿಲ್ 25, ಧುಪದಾಳ

ಮನೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗುಳಿಗೆ. ಅಂಗಿಯ ಜೇಬಿನಲ್ಲಿ ಒಂದು ಕಾರ್ಡ್ — ಎಲ್ಲಿಯಾದರೂ ಬಿದ್ದರೆ ನೋಡಿದವರು ಮೊದಲು ಯಾವ ಇಂಜೆಕ್ಷನ್ ಹಾಕಿಸಬೇಕು ಎಂದು.

ಊರವರು ಬರುತ್ತಾರೆ, ನೋಡುತ್ತಾರೆ. ಅವ್ವ ಎಲ್ಲರಿಗೂ ಒಂದೇ ಮಾತು ಹೇಳುತ್ತಾಳೆ. "ಅಪ್ಪಣ್ಣಜ್ಜನ ಪುಡಿ ಹೊಟ್ಟ್ಯಾಗ ಇತ್ತಂತ ಉಳದಾನ. ಪಥ್ಯ ಪೂರ್ತಿ ಆಗಿದ್ರ ಹಿಂಗ ಆಗತಿದ್ದಿಲ್ಲ."

ರಾಯವ್ವಕ್ಕ ಹೌದು ಹೌದು ಎಂದು ತಲೆಯಾಡಿಸಿದಳು. ನಾನು ಅಲ್ಲೇ ಇದ್ದೆ. ಸುಮ್ಮನಿದ್ದೆ.

ಅವ್ವ ನನ್ನನ್ನು ಕೇಳಿಲ್ಲ. ಕೇಳದ್ದಕ್ಕೆ ಹೇಳದಿದ್ದರೆ ಅದು ಸುಳ್ಳಲ್ಲ.

ಮೇಲಿನ ಸಾಲನ್ನು ಮತ್ತೆ ಓದಿದೆ. ಖರೆ ಅನ್ನಿಸುತ್ತಿಲ್ಲ.

ಮೇ 6

ಕೆಲಸಕ್ಕೆ ಹೋದೆ. ಅಜಿತಣ್ಣ ಕ್ಯಾನ್ ಮುಟ್ಟಲು ಬಿಡಲಿಲ್ಲ, ಪ್ಲಾಂಟಿನಲ್ಲಿ ಫೋನ್ ಹಿಡಿದು ಕೂರು ಎಂದ. "ಮಂದಿ ಏನರ ಅಂದ್ರ?" ಎಂದು ನನ್ನ ಬೆರಳು ತೋರಿಸಿದೆ. "ಅಂದವರ ಮನಿಗೆ ನೀರ ಬಂದ್," ಎಂದ. ಆಮೇಲೆ ಸ್ವಲ್ಪ ಯೋಚಿಸಿ — "ಮದವಿ ಆರ್ಡರ್ ಇದ್ರ ಮಾತ್ರ ನೀ ಒಳಗ ಇರು ಮತ್ತ."

ಅವನೂ ಖರೆ ಮನುಷ್ಯ, ಅವನ ರೀತಿಯಲ್ಲಿ.

ದಣಿವು ಪೂರ್ತಿ ಹೋಗಿಲ್ಲ. ಮಧ್ಯಾಹ್ನದ ಗುಳಿಗೆಯ ಹೊತ್ತಿಗೆ ಮೈ ಖಾಲಿ ಚೀಲದಂತಾಗುತ್ತದೆ. ಆದರೆ ಇದು ಹೆಸರಿರುವ ದಣಿವು.

ಮೇ 14, ಮಂಗಳವಾರ

ಪ್ಲಾಂಟಿನಲ್ಲಿ ಕರೆಂಟ್ ಹೋಗಿ ಬೇಗ ಮನೆಗೆ ಬಂದೆ. ಅವ್ವ ಒಲೆಯ ಹಿಂದೆ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದಳು. ಪಕ್ಕದಲ್ಲಿ ಆ ಪುಟ್ಟ ಪಾತ್ರೆ.

ಕೈ ಹಾಕಿ ಬಾಯಿಗೆ ಇಟ್ಟುಕೊಂಡೆ. ಸಪ್ಪೆ.

"ಏನಿದು?"

"ಏನಿಲ್ಲಪಾ. ಬಾಯಿ ಕೆಟ್ಟಿತ್ತು."

ಬಾಗಿಲಲ್ಲಿ ನಿಂತಿದ್ದ ಸರಿತಾ ತಡೆಯಲಿಲ್ಲ. "ಸುಳ್ಳ ಹೇಳಾಕತ್ತಾಳ ಅಣ್ಣಾ. ನಿನ್ನ ಪಥ್ಯ ಆಕಿ ಹಿಡದಾಳ. ಈ ತಿಂಗಳ ಮೊದಲಿಗೆ ಹುಕ್ಕೇರಿಗೆ ಹೋಗಿ ಕೇಳ್ಕೊಂಡ ಬಂದಾಳ."

ಅವ್ವ ಕೈ ತೊಳೆದಳು. ತಪ್ಪಿಲ್ಲದವರ ಹಾಗೆ ನಿಧಾನವಾಗಿ ಹೇಳಿದಳು. "ಅರ್ಧಕ್ಕ ಬಿಟ್ಟದ್ದು ಪೂರ್ತಿ ಆಗಬೇಕಲ್ಲ. ನಿನಗ ಆಗೂದಿಲ್ಲ. ಹಡದಾಕಿ ಹಿಡದ್ರೂ ನಡೀತೈತಿ ಅಂದಾನ ಅಜ್ಜ. ಬರೋ ವಾರ ಬುಧವಾರಕ್ಕ ಮುಗೀತೈತಿ. ಅವತ್ತಿಂದ ನಿನ್ನ ಗುಳಿಗಿ ಬಂದ್."

"ಗುಳಿಗಿ ಬಿಡಾಂಗಿಲ್ಲವ್ವ. ಡಾಕ್ಟರ್ ಹೇಳ್ಯಾರ."

"ಡಾಕ್ಟರ್ ಮತ್ತೇನ ಹೇಳತಾರ? ಸ್ಟಿರಾಯ್ಡ್ ಐತಂತ ಅದು. ಮಾರಿ ಊದತೈತಿ, ಎಲುಬ ಪುಡಿ ಆಗತಾವ. ಇಪ್ಪತ್ತರ ಹುಡುಗ ಜೀವಮಾನ ತನ ಅದನ್ನ ನುಂಗಿ ಬದಕತಾನೇನು? ಪಥ್ಯೆದಿಂದ ಉಳದಿ, ಪಥ್ಯೆದಿಂದನ ಗುಣ ಆಗತಿ."

ಅವಳ ತುಟಿ ಒಡೆದಿತ್ತು. ಈ ಬಿಸಿಲಿನಲ್ಲಿ ದಿನವಿಡೀ ಮೆಣಸಿನ ತೋಟದಲ್ಲಿ ಕಳೆ ಕಿತ್ತು ಬಂದು, ಸಪ್ಪನ ರೊಟ್ಟಿ.

ಮೇ 15

ನಿನ್ನೆ ಹೊಲದಲ್ಲಿ ಮೀನಖಂಡ ಹಿಡಿದುಕೊಂಡು ಅವ್ವ ನೆಲಕ್ಕೆ ಕೂತಳಂತೆ. ರಾಯವ್ವಕ್ಕ ಕಾಲು ತಿಕ್ಕಿ ಎಬ್ಬಿಸಿದಳಂತೆ. ಇವತ್ತೂ ಹೋಗಿದ್ದಾಳೆ.

ಸರಿತಾಳಿಗೆ ಎಲ್ಲ ಹೇಳಿದೆ. ಡಾಕ್ಟರ್ ಹೇಳಿದ್ದು, ನಾನು ಮುಚ್ಚಿಟ್ಟಿದ್ದು. ಅವಳು ಗೋಡೆಗೆ ಒರಗಿದಳು.

"ಅವ್ವಗ ಹೇಳಬ್ಯಾಡ ಅಣ್ಣಾ. ತಡಕೊಳ್ಳಂಗಿಲ್ಲ ಆಕಿ."

"ಬುಧವಾರ?"

"ಬುಧವಾರದಿಂದ ಕದ್ದ ನುಂಗು. ನಾ ತಂದ ಕೊಡ್ತೀನಿ. ಆಕಿ ಗುಣ ಆತು ಅನಕೋತಾಳ, ನೀ ಬದಕ್ತಿ. ಯಾರಿಗೇನ ಲುಕ್ಸಾನ?"

ಬುದ್ಧಿವಂತೆ. ಅವಳ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಅವ್ವ ನೆಮ್ಮದಿಯಾಗಿರುತ್ತಾಳೆ. ನಾನು ಹಿತ್ತಲಲ್ಲಿ, ಬಚ್ಚಲಲ್ಲಿ, ಗಾಡಿಯ ಹಿಂದೆ ನುಂಗುತ್ತಿರಬಹುದು. ಜ್ವರ ಬಂದ ದಿನ? ಸರಿತಾ ಗಂಡನ ಮನೆಗೆ ಹೋದ ಮೇಲೆ? ಮತ್ತೊಮ್ಮೆ ಕಣ್ಣು ತೆರೆದು ಮಲಗಿದ ಬೆಳಿಗ್ಗೆ ಅವ್ವ ಯಾವ ಕಡೆಯ ಬಸ್ ಹತ್ತುತ್ತಾಳೆ — ಘಟಪ್ರಭಾದ್ದೋ, ಹುಕ್ಕೇರಿಯದ್ದೋ?

ಹಾಗೆಂದು ನಾನೇನೂ ದೊಡ್ಡ ಯೋಚನೆ ಮಾಡಿ ನಿರ್ಧರಿಸಲಿಲ್ಲ. ದಣಿದಿದ್ದೇನೆ. ಸುಳ್ಳನ್ನು ದಿನಕ್ಕೆ ಮೂರು ಸಲ ಹೊರುವ ಶಕ್ತಿ ಇಲ್ಲ.

ಮೇ 16

ಹೇಳಿದೆ.

ಮಧ್ಯಾಹ್ನದ ಬುತ್ತಿ ಒಯ್ಯುವ ನೆಪದಲ್ಲಿ ಹೊಲಕ್ಕೆ ಹೋದೆ. ಬೇವಿನ ಗಿಡದ ನೆರಳು. ಅವ್ವ ಬುತ್ತಿ ಬಿಚ್ಚಿದಳು. ಸ್ವಲ್ಪ ದೂರದಲ್ಲಿ ರಾಯವ್ವಕ್ಕ ಮತ್ತು ಇನ್ನಿಬ್ಬರು ಉಣ್ಣುತ್ತಿದ್ದರು.

"ಅವ್ವ, ಪಥ್ಯೆದಿಂದ ನಾ ಉಳೀಲಿಲ್ಲ."

"ಮತ್ತ?"

"ಪಥ್ಯೆದಿಂದನ ಬಿದ್ದೆ. ನನ್ನ ಮೈಯಾಗ ಉಪ್ಪ ನಿಲ್ಲೂದಿಲ್ಲ. ಅದಕ್ಕ ಅಷ್ಟ ಬೇಡತಿತ್ತು. ಅದನ್ನ ಬಿಡಿಸಿದ್ದಕ್ಕ ಹಂಗ ಆತು. ಡಾಕ್ಟರ್ ಆಸ್ಪತ್ರ್ಯಾಗನ ಹೇಳಿದ್ರು. ನಾ ನಿನಗ ಹೇಳಲಿಲ್ಲ."

ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ಅಪ್ಪಣ್ಣಜ್ಜ ತಪ್ಪ ಹೇಳಿದ್ನೇನು?"

"ಆತಗ ಮೈಮ್ಯಾಲಿನ ಕಲಿ ಕಂಡಿತ್ತು. ಒಳಗಿಂದು ಕಾಣಲಿಲ್ಲ. ಗೋಕಾಕದ ಡಾಕ್ಟರಗೂ ಕಾಣಲಿಲ್ಲ."

"ನನಗ?"

ಬುತ್ತಿಯ ಬಟ್ಟೆಯನ್ನು ಅವಳ ಕಡೆ ಸರಿಸಿದೆ.

"ಅವತ್ತ ಸಂಜಿಮುಂದ," ಎಂದಳು. ಮಾತು ನಿಲ್ಲಿಸಿದಳು. ಮತ್ತೆ ಶುರು ಮಾಡಿದಳು. "ಅವತ್ತ ಮುರದೆ ಅಂತ ಬಂದ ಹೇಳಿದೆಲ್ಲ ನೀ. ನಾಳಿಂದ ಒಂದು ಅಂದ್ನೆಲ್ಲ ನಾ. ಅನ್ನದ ಇದ್ದಿದ್ರ?"

ಅನ್ನದೆ ಇದ್ದಿದ್ದರೆ ಎಂಟು-ಒಂಬತ್ತು ದಿನದಲ್ಲಿ ಪಥ್ಯ ಮುಗಿಯುತ್ತಿತ್ತು. ನಾನು ಉಪ್ಪು ತಿನ್ನುತ್ತಿದ್ದೆ. ಇವತ್ತಲ್ಲ ನಾಳೆ ಬೀಳುತ್ತಿದ್ದೆ, ಆದರೆ ಅಷ್ಟು ಆಳಕ್ಕೆ ಅಲ್ಲ. "ಅಷ್ಟ ಆಗತಿದ್ದಿಲ್ಲೇನೋ," ಎಂದೆ. ಏನೋ ಎಂದು ಸೇರಿಸಿದ್ದು ಅವಳಿಗಾಗಿ ಅಲ್ಲ. ನನಗೂ ಪೂರ್ತಿ ಗೊತ್ತಿಲ್ಲ.

ಅವ್ವ ನನ್ನ ತುಟಿಯ ಬಿಳಿ ಕಲೆಯನ್ನೇ ನೋಡಿದಳು.

"ಸುಳ್ಳ ಹೇಳಬೇಕಾಗಿತ್ತಪಾ ನೀ, ಅವತ್ತ."

"ಬರತಿದ್ದಿಲ್ಲವ್ವ."

"ಹೂಂ. ನನ್ನ ಹೊಟ್ಟ್ಯಾಗ ಹಂಗ್ಯಾಕ ಹುಟ್ಟಿದ್ಯೋ ಏನೋ."

ಬುತ್ತಿಯನ್ನು ಹಾಗೆಯೇ ಕಟ್ಟಿಟ್ಟು ಎದ್ದು ಹೋಗಿ ಸಾಲಿನಲ್ಲಿ ಕೂತಳು. ಕಳೆ ಕೀಳತೊಡಗಿದಳು. ಕೈ ಬಹಳ ಜೋರಾಗಿ ಓಡುತ್ತಿತ್ತು. ರಾಯವ್ವಕ್ಕ ಊಟ ಬಿಟ್ಟು ಕೂಗಿದಳು — "ಶಂಕ್ರವ್ವಾ, ಎಲ್ಲಿ ಲಕ್ಷ ಐತಿ? ಅದು ಗಿಡ ಐತಿ, ಗಿಡ! ಮೆಣಸಿನ ಗಿಡ ಕೀಳಾಕತ್ತಿ!"

ಅವ್ವ ಕೈಯಲ್ಲಿದ್ದುದನ್ನು ನೋಡಿದಳು. ಅದನ್ನು ಮತ್ತೆ ಅದೇ ಗುಣಿಯಲ್ಲಿ ನೆಟ್ಟು ಸುತ್ತ ಮಣ್ಣು ಒತ್ತಿದಳು. ಒತ್ತುತ್ತಲೇ ಇದ್ದಳು.

ನಾನು ಅಲ್ಲಿಂದ ಬಂದೆ.

ಮೇ 17, ಸಂಜೆ

ನಿನ್ನೆಯಿಂದ ಅವ್ವನ ಬಾಯಲ್ಲಿ ಮಾತಿಲ್ಲ. ಊಟವೂ ಇಲ್ಲ. ಪುಟ್ಟ ಪಾತ್ರೆಯಲ್ಲಿ ಏನೂ ಮಾಡಿಲ್ಲ, ದೊಡ್ಡದರಿಂದಲೂ ತೆಗೆದುಕೊಂಡಿಲ್ಲ. ಬರೀ ಚಹಾ. ಸರಿತಾ ನನ್ನ ಕಡೆ ನೋಡುವ ನೋಟವೇ ಬೈಗುಳ.

ಇವತ್ತು ಹೊಲಕ್ಕೆ ಹೋಗಲಿಲ್ಲ. ಮಧ್ಯಾಹ್ನ ಗುಳಿಗೆ ನುಂಗುವಾಗ ಬಾಗಿಲಲ್ಲಿ ನಿಂತು ನೋಡಿದಳು. ನುಂಗಿ ಮುಗಿಯುವ ತನಕ ನೋಡಿದಳು.

"ನುಂಗದಿದ್ರ ಎಷ್ಟ ದಿನಾ?" ಎಂದಳು. ನಿನ್ನೆಯ ನಂತರದ ಮೊದಲ ಮಾತು.

"ಭಾಳ ಇಲ್ಲವ್ವ. ಒಂದೆರಡ ದಿನಾ."

"ಬುಧವಾರದಿಂದ ನಾನ ಬಿಡಸಾಕಿ ಇದ್ನೆಲ್ಲ," ಎಂದಳು. ಕೇಳಿದ್ದಲ್ಲ. ಉತ್ತರ ಬೇಕಿರಲಿಲ್ಲ.

ಆಮೇಲೆ ರಾಯವ್ವಕ್ಕನ ಮನೆಗೆ ಹೋದಳು. ಉಪ್ಪಿನ ಡಬ್ಬಿ ಹಿಡಿದುಕೊಂಡು ಬಂದು ಒಲೆಯ ಪಕ್ಕ ಇಟ್ಟಳು. ಸಾರಿಗೆ ಇಟ್ಟಳು. ಸ್ವಲ್ಪ ಹೊತ್ತಿಗೆ ಕರೆದು ಸೌಟಿನಲ್ಲಿ ಒಂದಿಷ್ಟು ನನ್ನ ಅಂಗೈಗೆ ಹಾಕಿದಳು.

"ನೋಡ. ಹೆಂಗಾಗೇತಿ?"

"ಉಪ್ಪಾಗೇತವ್ವ. ಭಾಳ."

"ಗೊತ್ತೈತಿ," ಎಂದಳು.

ಅಷ್ಟು ಉಪ್ಪು ಈಗ ನನಗೂ ಬೇಡ, ಗುಳಿಗೆ ಇದೆಯಲ್ಲ ಎಂದು ಹೇಳಬೇಕೆಂದಿದ್ದೆ. ಹೇಳುತ್ತೇನೆ, ಆಮೇಲೆ. ಈಗ ರೊಟ್ಟಿ ಬಡಿಯುವ ಸದ್ದು. ಸರಿತಾ ತಾಟು ಹಾಕುತ್ತಿದ್ದಾಳೆ. ಎರಡು ಹಾಕಿದಳು. ನಿಂತಳು. ಅವ್ವ ಒಳಗಿನಿಂದ — "ಇನ್ನೊಂದ ಹಾಕ ಸರಿತಾ. ಒಂದ ಸಾರ ಮಾಡೇನಿ ಇವತ್ತ, ಎಲ್ಲಾರಿಗೂ."

ಮೂರನೇ ತಾಟು ಕೆಳಗಿಟ್ಟ ಸದ್ದು. ಅವ್ವ ಕೂಗುತ್ತಿದ್ದಾಳೆ, ಹೋಗ